ಮುಧೋಳದ ಬಳೆಗಾರರ ಮನೆ ಮಗ ರನ್ನ: ಮಕ್ಕಳಿಗೆ ಇಟ್ಟದ್ದು ಉಪಕಾರ ಮಾಡಿದವರ ಹೆಸರು

ಮುಧೋಳ: ಶ್ರಾವಣ ಬಂತಂದ್ರ ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಯಾವ ಪೇಟೆಗೆ ಹೋದರೂ ಬಳೆ ಅಂಗಡಿ ಮುಂದೆ ಹೆಣ್ಮಕ್ಕಳ ಗದ್ದಲ. ನೋವಾಗದ ಹಾಗೆ, ಒಡೆಯದ ಹಾಗೆ ಬಳೆ ಇಡಿಸೋದು ಎಲ್ಲರ ಕೈಗೆ ಬರೋ ಕೆಲಸ ಅಲ್ಲ. ಸಾವಿರ ವರ್ಷದ ಹಿಂದೆ ಇದೇ ಕಸುಬಿನ ಕುಲದಲ್ಲಿ, ಇದೇ ಊರಲ್ಲಿ ಹುಟ್ಟಿದವನು ಕವಿ ರನ್ನ.

ಹುಟ್ಟಿದ್ದು ಕ್ರಿ.ಶ. 949, ಸೌಮ್ಯ ಸಂವತ್ಸರ. ಊರಿಗೆ ಆಗ ಮುದುವೊಳಲು ಅಂತ ಹೆಸರು. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಒಡಹುಟ್ಟಿದವರು ದೃಢಬಾಹು, ರೇಚಣ, ಮಾರಯ್ಯ. ಇಷ್ಟೆಲ್ಲ ತಿಳಿದದ್ದು ರನ್ನನೇ ಬರೆದಿಟ್ಟಿದ್ದರಿಂದ. ದೊಡ್ಡವರ ಸಹವಾಸ ಸಿಕ್ಕ ಮೇಲೆ ಮನೆ ಕಸುಬು ಮುಚ್ಚಿಡೋರೇ ಜಾಸ್ತಿ. ಇವ ಮುಚ್ಚಿಡಲಿಲ್ಲ. 993ರ ಅಜಿತಪುರಾಣದಲ್ಲಿ ಬಳೆಗಾರ ಕುಲ, ಅಪ್ಪ, ಅವ್ವ, ಹೆಂಡಂದಿರು, ಮಕ್ಕಳು ಎಲ್ಲರ ಲೆಕ್ಕ ಕೊಟ್ಟ.

ಓದಿನ ಹುಚ್ಚು ಹತ್ತಿ ದಕ್ಷಿಣದ ಗಂಗರ ಸೀಮೆಗೆ ಹೋದ. ಅಲ್ಲಿ ಅಜಿತಸೇನಾಚಾರ್ಯರು ಗುರುಗಳಾದರು. ಗಂಗರ ಮಂತ್ರಿ, ಸೇನಾಪತಿ ಚಾವುಂಡರಾಯ ಆಸರೆ ಕೊಟ್ಟ. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದವನೇ ಈ ಚಾವುಂಡರಾಯ. ಮುಧೋಳದಿಂದ ಬೆಳಗೊಳ ಈಗಿನ ರಸ್ತೆಯಲ್ಲೂ 400 ಕಿ.ಮೀ. ದಾಟುತ್ತೆ. ಅಲ್ಲಿನ ಚಿಕ್ಕಬೆಟ್ಟದ ಬಂಡೆ ಮೇಲೆ ಕವಿರತ್ನ ಅಂತ ಕೆತ್ತಿದ್ದಾರೆ, ಅದು ರನ್ನನ ಕೈಬರಹವೇ ಅಂತ ಹೇಳ್ತಾರೆ.

ಮುಂದೆ ಚಾಲುಕ್ಯರ ಆಸ್ಥಾನ ಸೇರಿದ. ತೈಲಪ, ಅವನ ಮಗ ಸತ್ಯಾಶ್ರಯ ಇಬ್ಬರ ಕಾಲವನ್ನೂ ಕಂಡ. ಕವಿಚಕ್ರವರ್ತಿ ಬಿರುದೂ ಬಂತು. ಆದರೆ ಅಜಿತಪುರಾಣ ಬರೆಸಿದ್ದು ರಾಜ ಅಲ್ಲ, ಅತ್ತಿಮಬ್ಬೆ ಅನ್ನೋ ಹೆಣ್ಮಗಳು. ಅಕ್ಕ ಅತ್ತಿಮಬ್ಬೆ, ತಂಗಿ ಗುಂಡಮಬ್ಬೆ ಇಬ್ಬರನ್ನೂ ಕೊಟ್ಟದ್ದು ನಾಗದೇವನಿಗೆ. ಅವ ತೀರಿಕೊಂಡಾಗ ತಂಗಿ ಚಿತೆ ಏರಿದಳು. ಅಕ್ಕ ಮಗ ಅಣ್ಣಿಗದೇವನ ಸಲುವಾಗಿ ಉಳಿದಳು. ಉಳಿದವಳು ಸುಮ್ಮನೆ ಕೂಡಲಿಲ್ಲ. ಅಚ್ಚಿನ ಯಂತ್ರ ಇಲ್ಲದ ಕಾಲದಲ್ಲಿ ಪೊನ್ನನ ಶಾಂತಿಪುರಾಣದ 1000 ಪ್ರತಿ ಕೈಯಿಂದ ಬರೆಸಿ ಹಂಚಿದಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು.

ಮನೆಯಲ್ಲಿ ರನ್ನನಿಗೆ ಜಕ್ಕಿ, ಶಾಂತಿ ಅಂತ ಇಬ್ಬರು ಹೆಂಡಂದಿರು. ಒಬ್ಬ ಮಗ, ಒಬ್ಬಳು ಮಗಳು. ಮಗನ ಹೆಸರು ರಾಯ, ಚಾವುಂಡರಾಯನ ನೆನಪಿಗೆ. ಮಗಳ ಹೆಸರು ಅತ್ತಿಮಬ್ಬೆ. ಅಂಗಡಿ ಇಟ್ಟವರಿಗೆ ಇದು ಲಗೂನ ತಿಳೀತದ. ಉದ್ರಿ ಆದ್ರ ರೊಕ್ಕ ಕೊಟ್ಟು ಖಾತೆ ಚುಕ್ತಾ ಮಾಡಬಹುದು, ಬೆಳೆಸಿದವರ ಉಪಕಾರಕ್ಕೆ ಯಾವ ಖಾತೆ? ಊಟಕ್ಕೆ ಕರೆದರೂ, ಬೈದರೂ ಆ ಇಬ್ಬರ ಹೆಸರೇ ಮನೆಯಲ್ಲಿ ಕೇಳಬೇಕು. ಹಂಗ ಮಾಡಿದ್ದ ರನ್ನ.

ಅವನ ಗದಾಯುದ್ಧ ಅಂದ್ರೆ ಎಲ್ಲರಿಗೂ ನೆನಪಾಗೋದು ಭೀಮ-ದುರ್ಯೋಧನರ ಕಾಳಗ. ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಬರೆದ ಕಾವ್ಯ ಅದು, ಸಾಹಸಭೀಮವಿಜಯ ಅಂತಲೂ ಹೆಸರು. ಆದರೆ ಓದಿದವರ ಕಣ್ಣು ಒದ್ದೆ ಆಗೋದು ಸೋತವನ ಕಡೆ. ಹೆಣಗಳ ನಡುವೆ ದುರ್ಯೋಧನ ಒಬ್ಬನೇ ನಡೀತಾನೆ. ಗುರು ದ್ರೋಣರನ್ನು ಕಾಣ್ತಾನೆ. ವೈರಿಯ ಮಗ ಅಭಿಮನ್ಯುವನ್ನು ಕಂಡು ಕೈಮುಗೀತಾನೆ. ತನ್ನ ಮಗ ಲಕ್ಷ್ಮಣಕುಮಾರನ ಹೆಣದ ಮುಂದೆ, ಮಗ ಅಪ್ಪನಿಗೆ ಮಾಡಬೇಕಾದ ಕರ್ಮ ಅಪ್ಪನೇ ಮಗನಿಗೆ ಮಾಡೋ ಹಾಗಾಯ್ತಲ್ಲ ಅಂತ ಮರುಗ್ತಾನೆ. ತಮ್ಮ ದುಶ್ಶಾಸನ, ಗೆಳೆಯ ಕರ್ಣ ಮುಂದೆ ಬಿದ್ದಿದ್ದಾರೆ. ಕರ್ಣನ ಹತ್ರ ಬಂದಾಗಂತೂ ಅವನಿಗೆ ಮುಂದೆ ಹೆಜ್ಜೆ ಇಡಲಿಕ್ಕೆ ಆಗೋದಿಲ್ಲ. ತುಂಬು ಸಂಸಾರದಲ್ಲಿ ಬಾಳಿದವನೇ ಬರೆಯಬಹುದಾದ ಭಾಗ ಇದು.

ಮುಧೋಳದಲ್ಲಿ ಅವನ ನೆನಪಿಗೆ ರನ್ನ ವೈಭವ ನಡೆದಿದೆ. ತಿಮ್ಮಾಪುರದ ಸಕ್ಕರೆ ಕಾರ್ಖಾನೆಗೂ ಬಳೆಗಾರ ಜಿನವಲ್ಲಭನ ಈ ಮಗನದೇ ಹೆಸರು.