ಹತ್ತು ಊರುಗಳಿಂದ ನಾಡಿಗೆಲ್ಲ ಹಬ್ಬಿದ ವಿದ್ಯೆ: ಸಯಾಜಿರಾವ್ ಗಾಯಕವಾಡ ಮಹಾರಾಜರು

ವಡೋದರೆಯಲ್ಲಿ ನೆಲೆಸಿರುವ ನಮ್ಮ ಕನ್ನಡಿಗರು ಸಯಾಜಿ ಎಂಬ ಹೆಸರನ್ನು ದಿನಕ್ಕೆ ಹಲವು ಬಾರಿ ಉಚ್ಚರಿಸುವರು. ರೈಲಿನಿಂದ ಇಳಿದೊಡನೆ ಸಯಾಜಿಗಂಜ್. ಮೈಗೆ ಸರಿಯಿಲ್ಲವಾದರೆ ಸಯಾಜಿ ಆಸ್ಪತ್ರೆ. ರಜೆಯ ದಿನ ಮಕ್ಕಳನ್ನು ಕರೆದೊಯ್ಯುವುದು ಸಯಾಜಿ ಬಾಗಿಗೆ. ಮಗನ ಕಾಲೇಜು ಓದಿಗೆ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯ. ನಮ್ಮ ಗುಮಾಸ್ತ ಬಂಧುಗಳಲ್ಲಿ ಅನೇಕರ ಸಂಬಳ ಜಮೆಯಾಗುವ ಬ್ಯಾಂಕ್ ಆಫ್ ಬರೋಡಾ ಕೂಡ 1908ರಲ್ಲಿ ಆ ಮಹಾರಾಜರಿಂದಲೇ ಸ್ಥಾಪಿತವಾದುದು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ನಮ್ಮ ವಿಜಯಾ ಬ್ಯಾಂಕು 2019ರಲ್ಲಿ ಅದರೊಳಗೇ ಲೀನವಾಯಿತು. ಇಷ್ಟು ಪರಿಚಿತವಾದ ಹೆಸರಿನ ಹಿಂದೆ ಇದ್ದ ಪುರುಷನಾರು, ಅವನು ಮಾಡಿದ ಮಹತ್ಕಾರ್ಯವೇನು ಎಂಬುದನ್ನು ಅರಿತವರು ಮಾತ್ರ ನಮ್ಮಲ್ಲಿ ವಿರಳ. ಆದುದರಿಂದ ಇಂದು ಆ ಚರಿತ್ರೆಯನ್ನು ವಾಚಕರ ಮುಂದಿಡುತ್ತಿದ್ದೇವೆ.

ಸಯಾಜಿರಾಯರು ಅರಮನೆಯಲ್ಲಿ ಹುಟ್ಟಿದವರಲ್ಲ. ನಾಸಿಕ ಜಿಲ್ಲೆಯ ಮಾಲೆಗಾಂವ್ ಸಮೀಪದ ಕವಳಾಣಾ ಎಂಬ ಹಳ್ಳಿಯಲ್ಲಿ 1863ರ ಮಾರ್ಚ್ 11ರಂದು ಒಂದು ಸಾಮಾನ್ಯ ಬೇಸಾಯಗಾರ ಕುಟುಂಬದಲ್ಲಿ ಜನಿಸಿದರು. ತಂದೆ ಕಾಶೀರಾವ್, ಮಗುವಿಗಿಟ್ಟ ಹೆಸರು ಗೋಪಾಳರಾವ್. ಗಾಯಕವಾಡ ಮನೆತನದ ದೂರದ ಶಾಖೆಯವರೆಂಬ ಸಂಬಂಧವೊಂದನ್ನು ಬಿಟ್ಟರೆ ಸಿಂಹಾಸನಕ್ಕೂ ಆ ಮನೆಗೂ ಬೇರೆ ನಂಟಿರಲಿಲ್ಲ. 1875ರಲ್ಲಿ ಬ್ರಿಟಿಷ್ ಸರಕಾರವು ಮಲ್ಹಾರರಾವ್ ಮಹಾರಾಜರನ್ನು ಪದಚ್ಯುತಗೊಳಿಸಿತು. ಆಗ ಹಿಂದಿನ ದೊರೆ ಖಂಡೇರಾಯರ ವಿಧವೆ ಜಮುನಾಬಾಯಿಯವರು ದತ್ತು ಪುತ್ರನನ್ನು ಆರಿಸಬೇಕಾಗಿ ಬಂದು, ಆ ಅದೃಷ್ಟವು ಗೋಪಾಳನಿಗೆ ಒಲಿಯಿತು. ಹೊಲದ ಬದುವಿನಲ್ಲಿ ಆಡುತ್ತಿದ್ದ ಹನ್ನೆರಡು ವರುಷದ ಬಾಲಕನು ಸಯಾಜಿರಾವ್ ಎಂಬ ಹೆಸರಿನಿಂದ ಬರೋಡಾ ಸಂಸ್ಥಾನದ ಅಧಿಪತಿಯಾದನು.

ಪಟ್ಟವೇನೋ ದೊರೆಯಿತು, ಅಕ್ಷರವು ಮಾತ್ರ ಇನ್ನೂ ದೊರೆತಿರಲಿಲ್ಲ. ಬೇರೆ ಮಕ್ಕಳು ನಾಲ್ಕೈದು ತರಗತಿ ದಾಟುವ ವಯಸ್ಸಿನಲ್ಲಿ ಈ ಬಾಲ ಮಹಾರಾಜನು ಮೊದಲಕ್ಷರ ತಿದ್ದಲು ಕುಳಿತನು. ಎಲಿಯಟ್ ಎಂಬ ಆಂಗ್ಲ ಅಧಿಕಾರಿಯು ಗುರುವಾಗಿ ನಿಯಮಿತನಾದನು. ಮರಾಠಿ, ಗುಜರಾತಿ, ಉರ್ದು, ಇಂಗ್ಲಿಷ್ ಎಂಬ ನಾಲ್ಕು ಭಾಷೆಗಳನ್ನು ಏಕಕಾಲದಲ್ಲಿ ಕಲಿಯಬೇಕಾಗಿತ್ತು. ಆರು ವರುಷಗಳ ಕಠಿಣ ಸಾಧನೆಯ ತರುವಾಯ, 1881ರ ಡಿಸೆಂಬರಿನಲ್ಲಿ, ತಮ್ಮ ಹದಿನೆಂಟನೆಯ ವಯಸ್ಸಿನಲ್ಲಿ, ಅವರು ರಾಜ್ಯಭಾರದ ಪೂರ್ಣಾಧಿಕಾರವನ್ನು ವಹಿಸಿಕೊಂಡರು. ಅಕ್ಷರವಿಲ್ಲದ ಕತ್ತಲೆಯನ್ನೂ ಅಕ್ಷರ ಬಂದ ಮೇಲಿನ ಬೆಳಕನ್ನೂ ಒಂದೇ ಜನ್ಮದಲ್ಲಿ ಕಂಡ ಅರಸನಾದುದರಿಂದ, ಪ್ರಜೆಗಳ ವಿದ್ಯೆಯು ಅವರಿಗೆ ಇತರ ಇಲಾಖೆಗಳಂತೆ ಒಂದು ಇಲಾಖೆಯಾಗಿ ಉಳಿಯಲಿಲ್ಲ.

ಪ್ರತಿಯೊಂದು ಮಗುವೂ ಕಡ್ಡಾಯವಾಗಿ ಶಾಲೆಗೆ ಬರಬೇಕು, ಅದಕ್ಕೆ ಶುಲ್ಕವಿರಕೂಡದು ಎಂಬುದು ಅವರ ಸಂಕಲ್ಪವಾಗಿತ್ತು. ಅಂದಿನ ಭರತಖಂಡದಲ್ಲಿ ಯಾವ ಸಂಸ್ಥಾನವೂ ಇಂತಹ ಸಾಹಸಕ್ಕೆ ಕೈಹಾಕಿರಲಿಲ್ಲ. ಬ್ರಿಟಿಷ್ ಸರಕಾರವಂತೂ ಅದರ ಗೊಡವೆಗೇ ಹೋಗಿರಲಿಲ್ಲ. ಅಡ್ಡಿಗಳೇನು ಅಲ್ಪವೇ? ದನ ಕಾಯುವ ಹುಡುಗನನ್ನು ಶಾಲೆಗೆ ಕಳುಹಿದರೆ ದನ ಕಾಯುವವರಾರು? ತಮ್ಮನನ್ನು ಎತ್ತಿಕೊಳ್ಳುವ ಹುಡುಗಿಯನ್ನು ಕಳುಹಿದರೆ ತಾಯಿ ಹೊಲಕ್ಕೆ ಹೋಗುವುದು ಹೇಗೆ? ಶಾಲೆಯ ಕಟ್ಟಡವೆಲ್ಲಿ, ಉಪಾಧ್ಯಾಯರೆಲ್ಲಿ, ಹಣವೆಲ್ಲಿ? ಆತುರದ ಅರಸನಾಗಿದ್ದರೆ ಒಂದು ಫರ್ಮಾನು ಹೊರಡಿಸಿ, ಆರು ತಿಂಗಳಲ್ಲಿ ಅದು ಕಡತದಲ್ಲಿ ಮಲಗುವುದನ್ನು ಕಾಣುತ್ತಿದ್ದನು. ಸಯಾಜಿರಾಯರು ಹಾಗೆ ಮಾಡಲಿಲ್ಲ.

ನಮ್ಮ ಹೋಟೆಲು ಬಂಧುಗಳಿಗೆ ಈ ವಿಷಯವನ್ನು ವಿವರಿಸಿ ಹೇಳಬೇಕಾಗಿಲ್ಲ. ಹೊಸ ತಿಂಡಿಯೊಂದನ್ನು ಪಟ್ಟಿಗೆ ಸೇರಿಸಬೇಕಾದಾಗ ಬಲ್ಲ ಅಡಿಗೆಯವನು ಮೊದಲ ದಿನವೇ ಹಂಡೆಯಷ್ಟು ಹಿಟ್ಟು ಕಲಸುವುದಿಲ್ಲ. ಸಣ್ಣ ಪಾತ್ರೆಯಲ್ಲಿ ಮಾಡಿ, ನಾಲ್ಕು ಮಂದಿ ಗಿರಾಕಿಗಳಿಗೆ ಬಡಿಸಿ, ತಟ್ಟೆಯಲ್ಲಿ ಮಿಕ್ಕುಳಿದುದೆಷ್ಟೆಂದು ನೋಡಿ, ಉಪ್ಪು ಹುಳಿ ತಿದ್ದಿ, ಅನಂತರವೇ ದೊಡ್ಡ ಒಲೆಗೆ ಏರಿಸುತ್ತಾನೆ. ಇಂದಿನ ವಿದ್ಯಾವಂತರು ಇದೇ ಕ್ರಮಕ್ಕೆ ದೊಡ್ಡ ದೊಡ್ಡ ಹೆಸರುಗಳನ್ನಿಟ್ಟು, ಮೊದಲು ಮಾದರಿ ಮಾಡಿ, ಬಳಸುವವರ ಕಷ್ಟವನ್ನು ಕಂಡು, ಮರಳಿ ತಿದ್ದುವುದೇ ಶಿಕ್ಷಣ ಸುಧಾರಣೆಯ ಸರಿಯಾದ ದಾರಿಯೆಂದು ಬೋಧಿಸುತ್ತಾರೆ. ಮಹಾರಾಜರು ಆ ದಾರಿಯನ್ನು 1893ರಲ್ಲಿಯೇ ಹಿಡಿದಿದ್ದರು.

ಅವರು ಆರಿಸಿಕೊಂಡುದು ರಾಜಧಾನಿಯನ್ನಲ್ಲ. ದೂರದ ಕಾಠಿಯಾವಾಡದಲ್ಲಿದ್ದ ತಮ್ಮ ಅಮರೇಲಿ ಪ್ರಾಂತವನ್ನು. ಆ ತಾಲ್ಲೂಕಿನ ಹತ್ತು ಊರುಗಳಲ್ಲಿ ಮಾತ್ರ ಕಡ್ಡಾಯ ಶಿಕ್ಷಣವನ್ನು ಜಾರಿಗೆ ತಂದರು. ರಾಜಧಾನಿಯಲ್ಲಿ ದೊರೆಯ ಕಣ್ಣೆದುರಿಗೆ ಯಾವುದೂ ಚೆನ್ನಾಗಿಯೇ ನಡೆಯುವುದು. ಮೂಲೆಯ ಹಳ್ಳಿಯಲ್ಲಿ ನಡೆದರೆ ಮಾತ್ರ ಅದು ಎಲ್ಲೆಡೆಯೂ ನಡೆದೀತು. ಹತ್ತು ಊರುಗಳಲ್ಲಿ ಕಾಲೂರಿದ ಮೇಲೆ ಅದನ್ನು ತಾಲ್ಲೂಕಿನ ಉಳಿದ ಹಳ್ಳಿಗಳಿಗೆ ಬೆಳೆಸಿದರು. ಹೀಗೆ ಹದಿಮೂರು ವರುಷಗಳ ಅನುಭವವು ಕೂಡಿದ ಬಳಿಕ, 1906ರಲ್ಲಿ, ಇಡೀ ಸಂಸ್ಥಾನಕ್ಕೆ ಅನ್ವಯಿಸುವ ಕಾಯಿದೆಯು ಹೊರಟಿತು. ಗಂಡುಮಕ್ಕಳಿಗಷ್ಟೇ ಅಲ್ಲ, ಹೆಣ್ಣುಮಕ್ಕಳಿಗೂ ಶಾಲೆಯು ಕಡ್ಡಾಯವಾಯಿತು. ಮಕ್ಕಳನ್ನು ಕಳುಹದ ಹೆತ್ತವರಿಗೆ ದಂಡವನ್ನೂ ವಿಧಿಸಲಾಯಿತು. ಬಡವರ ಮೇಲೆ ಈ ದಂಡವು ಭಾರವಾಯಿತೆಂಬ ಆಕ್ಷೇಪವೂ ಇದ್ದುದನ್ನು ಮರೆಮಾಚಲಾಗದು.

ಸೂರತಿನಲ್ಲಿರುವ ನಮ್ಮ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಅಂದು ಸೂರತು, ಅಹಮದಾಬಾದುಗಳು ಬ್ರಿಟಿಷರ ಆಡಳಿತದಲ್ಲಿದ್ದವು. ಪಕ್ಕದ ನವಸಾರಿಯೂ ಉತ್ತರದ ಮೆಹಸಾಣೆಯೂ ಗಾಯಕವಾಡರವು. ನವಸಾರಿಯ ಕೂಲಿಯವನ ಮಗಳು ಶಾಲೆಗೆ ಹೋಗಲೇಬೇಕೆಂದು ಅರಸನು ವಿಧಿಸಿದ್ದಾಗ, ಅಲ್ಲಿಂದ ಹತ್ತು ಹರದಾರಿಯೂ ಇಲ್ಲದ ಸೂರತಿನ ಮಗುವಿಗೆ ಅಂತಹ ಭಾಗ್ಯವಿರಲಿಲ್ಲ. ಗೋಪಾಲಕೃಷ್ಣ ಗೋಖಲೆಯವರು ಬರೋಡೆಯ ನಿದರ್ಶನವನ್ನು ಮುಂದಿಟ್ಟು 1911ರಲ್ಲಿ ಸಾಮ್ರಾಜ್ಯದ ಶಾಸನಸಭೆಯಲ್ಲಿ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ತಂದರು. ಮರುವರುಷ ಅದು 13ಕ್ಕೆ ಎದುರಾಗಿ 38 ಮತಗಳಿಂದ ಬಿದ್ದುಹೋಯಿತು. ಆದರೆ ನಮ್ಮ ಮೈಸೂರು ಸುಮ್ಮನಿರಲಿಲ್ಲ. 1913ರಲ್ಲಿ ಪ್ರಾಥಮಿಕ ಶಿಕ್ಷಣದ ನಿಬಂಧನೆಯನ್ನು ಮಾಡಿ, ಆಯ್ದ ಪ್ರದೇಶಗಳಲ್ಲಿ ಕಡ್ಡಾಯ ಕಲಿಕೆಯನ್ನು ಆರಂಭಿಸಿತು. ಮೈಸೂರಿನ ದಿವಾನರಾಗಿದ್ದ ವಿ. ಪಿ. ಮಾಧವರಾಯರು 1910ರಿಂದ 1913ರವರೆಗೆ ಬರೋಡೆಯ ದಿವಾನಗಿರಿಯನ್ನೂ ನಡೆಸಿದವರೆಂಬುದು ಕನ್ನಡಿಗರಾದ ನಮಗೆ ನೆನಪಿಡತಕ್ಕ ಮಾತು.

ಕಾಯಿದೆಯಾದೊಡನೆ ಕೆಲಸ ಮುಗಿಯಿತೆಂದು ಮಹಾರಾಜರು ಭಾವಿಸಲಿಲ್ಲ. ಶಾಲೆ ಬಿಟ್ಟ ಹುಡುಗನು ನೇಗಿಲು ಹಿಡಿದ ಮೇಲೆ ಓದಲು ಪುಸ್ತಕವಿಲ್ಲದೆ ಕಲಿತ ಅಕ್ಷರವನ್ನೇ ಮರೆಯುವನು. ಆಗ ವೆಚ್ಚವೆಲ್ಲ ನೀರಿನಲ್ಲಿ ಹೋಮ. ಈ ಕೊರತೆಯನ್ನು ತುಂಬಲು ಅವರು ಪುಸ್ತಕ ಭಂಡಾರಗಳ ಕಡೆಗೆ ತಿರುಗಿದರು. ಅಮೆರಿಕೆಯ ಪ್ರವಾಸದಲ್ಲಿ ಅಲ್ಲಿನ ಸಾರ್ವಜನಿಕ ಗ್ರಂಥಾಲಯಗಳನ್ನು ಕಂಡಿದ್ದ ಅವರು, 1910ರಲ್ಲಿ ಬೋರ್ಡನ್ ಎಂಬ ಗ್ರಂಥಪಾಲಕನನ್ನು ಅಲ್ಲಿಂದಲೇ ಕರೆಸಿದರು. ಮರುವರುಷವೇ ಗ್ರಂಥಪಾಲಕರ ತರಬೇತಿಯ ತರಗತಿಯು ಆರಂಭವಾಯಿತು. ಹಳ್ಳಿಯವರು ಒಂದಿಷ್ಟು ಹಣ ಕೂಡಿಸಿದರೆ ಸರಕಾರವೂ ತನ್ನ ಪಾಲು ಸೇರಿಸಿ ಅಲ್ಲಿ ವಾಚನಾಲಯವನ್ನು ತೆರೆಯುತ್ತಿತ್ತು. ಅದೂ ಸಾಧ್ಯವಾಗದ ಊರುಗಳಿಗೆ ಮರದ ಪೆಟ್ಟಿಗೆಗಳಲ್ಲಿ ಪುಸ್ತಕಗಳು ಸಂಚಾರ ಹೊರಟವು. ಓದಿ ಮುಗಿದ ಪೆಟ್ಟಿಗೆ ಹಿಂದಿರುಗುತ್ತಿತ್ತು, ಬೇರೊಂದು ಬರುತ್ತಿತ್ತು. ಓದಲೇ ಬಾರದವರಿಗಾಗಿ ಚಿತ್ರಗಳನ್ನು ತೋರಿಸುವ ಏರ್ಪಾಟೂ ನಡೆಯಿತು. ಒಂದು ಉಪಾಯದಲ್ಲಿ ಕಂಡ ಕೊರತೆಯೇ ಮುಂದಿನ ಉಪಾಯಕ್ಕೆ ತಾಯಿಯಾಯಿತು. ಮಾಂಡವಿಯ ಸಮೀಪ ಉಕ್ಕಿನ ಕಪಾಟುಗಳ, ಗಾಜಿನ ನೆಲದ ಕೇಂದ್ರ ಗ್ರಂಥಾಲಯವನ್ನು ವಡೋದರೆಯ ಕನ್ನಡಿಗರು ಒಮ್ಮೆಯಾದರೂ ನೋಡಿಬರತಕ್ಕದ್ದು.

ಕೈಕಸುಬಿನ ವಿದ್ಯೆಯನ್ನೂ ಅವರು ಮರೆಯಲಿಲ್ಲ. ಸೂರತಿನವರಾದ ತ್ರಿಭುವನದಾಸ ಗಜ್ಜರ್ ಎಂಬ ರಸಾಯನ ಪಂಡಿತರ ಕೈಯಲ್ಲಿ 1890ರಲ್ಲಿ ಕಲಾಭವನವನ್ನು ಸ್ಥಾಪಿಸಿದರು. ಇಂಗ್ಲಿಷ್ ಅರಿಯದ ಬಡಗಿ, ಬಣ್ಣಗಾರರ ಮಕ್ಕಳಿಗೂ ಯಂತ್ರಶಾಸ್ತ್ರ, ರಂಗುಶಾಸ್ತ್ರಗಳು ತಿಳಿಯಲೆಂದು ಅಲ್ಲಿ ದೇಶಭಾಷೆಯಲ್ಲಿ ಪಾಠ ನಡೆಯಿತು. ಭಾರತದ ಚಲನಚಿತ್ರದ ಪಿತಾಮಹರೆನಿಸಿದ ದಾದಾಸಾಹೇಬ ಫಾಲ್ಕೆಯವರೂ ಅಲ್ಲಿ ಕಲಿತವರೇ. ಇಂದು ಆ ಕಲಾಭವನವು ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿಭಾಗವಾಗಿದೆ.

ಇಷ್ಟೆಲ್ಲ ಸಾಧಿಸಿದ ಪ್ರಭುವಿನ ಸೋಲನ್ನೂ ಹೇಳದಿದ್ದರೆ ಚರಿತ್ರೆಯು ಅಪೂರ್ಣ. ಅಸ್ಪೃಶ್ಯರೆನಿಸಿದವರ ಮಕ್ಕಳಿಗೆ ಅವರು ಆಳ್ವಿಕೆಯ ಆರಂಭದಲ್ಲಿಯೇ ಶಾಲೆಗಳನ್ನು ತೆರೆದರು; ಅಲ್ಲಿ ಕಲಿಸಲು ಮೇಲ್ಜಾತಿಯ ಉಪಾಧ್ಯಾಯರು ಒಪ್ಪದೆಹೋದಾಗ ಮುಸಲ್ಮಾನ ಉಪಾಧ್ಯಾಯರನ್ನು ನೇಮಿಸಿದರು. 1913ರಲ್ಲಿ ಭೀಮರಾವ್ ಅಂಬೇಡ್ಕರ್ ಎಂಬ ತರುಣನಿಗೆ ವಿದ್ಯಾರ್ಥಿವೇತನವನ್ನಿತ್ತು ಅಮೆರಿಕೆಯ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳುಹಿದರು. ಆ ತರುಣನು 1917ರಲ್ಲಿ ಮಹಾರಾಜರ ಸೇವೆಗೆಂದು ಬರೋಡೆಗೆ ಬಂದಾಗ, ಇಡೀ ಪಟ್ಟಣದಲ್ಲಿ ಅವನಿಗೆ ತಲೆಯಿಡಲು ಒಂದು ಕೋಣೆ ಸಿಗಲಿಲ್ಲ. ಪಾರಸಿಯ ವಸತಿಗೃಹವೊಂದರಲ್ಲಿ ಜಾತಿಯನ್ನು ಮರೆಸಿ ಉಳಿದನು. ಗುಟ್ಟು ಬಯಲಾದಾಗ ದೊಣ್ಣೆ ಹಿಡಿದವರು ಬಂದು ಹೊರಗಟ್ಟಿದರು. ಉದ್ಯಾನದಲ್ಲಿ ಕಣ್ಣೀರಿಡುತ್ತ ಕುಳಿತು, ಅಂದು ರಾತ್ರಿಯ ರೈಲಿನಲ್ಲಿ ಅವನು ಮುಂಬಯಿಗೆ ಹೊರಟುಹೋದನು. ಅರಸನು ಶಾಲೆಯ ಬಾಗಿಲನ್ನು ತೆರೆಯಬಲ್ಲನು. ಮನೆಯ ಬಾಗಿಲನ್ನು ಊರಿನವರೇ ತೆರೆಯಬೇಕು. ಗಿರಾಕಿಗೆ ಎಲೆ ಹಾಕುವ, ಕೋಣೆ ಕೊಡುವ ವೃತ್ತಿಯಿಂದ ಬಾಳುವ ನಾವು ಈ ಪ್ರಸಂಗವನ್ನು ಎಂದಿಗೂ ಮರೆಯಲಾಗದು.

1939ರ ಫೆಬ್ರುವರಿ 6ರಂದು ಸಯಾಜಿರಾಯರು ಮುಂಬಯಿಯಲ್ಲಿ ಕಾಲವಾದರು. ಅವರು ಕನಸು ಕಂಡ ವಿಶ್ವವಿದ್ಯಾಲಯವು 1949ರಲ್ಲಿ ರೂಪುಗೊಂಡಿತು. ಅಮರೇಲಿಯ ಹತ್ತು ಊರುಗಳಲ್ಲಿ ಬಿತ್ತಿದ ತತ್ತ್ವವು ಇಡೀ ದೇಶದ ಮಕ್ಕಳ ಹಕ್ಕಾಗಿ ಕಾಯಿದೆಯ ರೂಪ ತಳೆದುದು 2009ರಲ್ಲಿ. ಜಾರಿಗೆ ಬಂದುದು 2010ರ ಏಪ್ರಿಲ್ 1ರಂದು. ನಡುವೆ ಕಳೆದುದು ಒಂದು ಶತಮಾನಕ್ಕೂ ಮಿಗಿಲಾದ ಕಾಲ!

ಈ ಚರಿತ್ರೆಯಿಂದ ನಮಗೇನು ಪ್ರಯೋಜನವೆಂದು ವಾಚಕರು ಕೇಳಬಹುದು. ಸಯಾಜಿರಾಯರು ಅಕ್ಷರವನ್ನು ಹಿಡಿದುದು ಹನ್ನೆರಡನೆಯ ವಯಸ್ಸಿನಲ್ಲಿ. ಹಿಂದಿನ ತಲೆಮಾರಿನ ನಮ್ಮ ಎಷ್ಟೋ ಮಂದಿ ಅಣ್ಣಂದಿರು, ಕಾಕಂದಿರು ಅಕ್ಷರವನ್ನು ಬಿಟ್ಟುದೂ ಅದೇ ವಯಸ್ಸಿನಲ್ಲಿಯೇ. ಕುಂದಾಪುರ, ಉಡುಪಿಗಳ ಕಡೆಯಿಂದ ಬಂದು ಲೋಟ ತೊಳೆಯಲು ನಿಂತರು. ಮುಂಬಯಿಯಲ್ಲಿ ಕನ್ನಡ ರಾತ್ರಿಶಾಲೆಗಳಿದ್ದುದರಿಂದ ಅಂತಹ ಅನೇಕರು ಮೆಟ್ರಿಕ್ ಮುಗಿಸಿ ಮೇಲೆ ಬಂದರು. ಎಳೆಯ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸುವುದನ್ನು 2006ರಿಂದ ಕಾನೂನು ನಿಷೇಧಿಸಿದೆ, ಅದು ಒಳ್ಳೆಯದೇ. ಆದರೆ ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ, ಓದನ್ನು ಅರ್ಧಕ್ಕೆ ನಿಲ್ಲಿಸಿ ಬರುವ ತರುಣರು ಇಂದಿಗೂ ನಮ್ಮ ಅಡಿಗೆಮನೆಗಳಲ್ಲಿದ್ದಾರೆ.

ಅವರಿಗಾಗಿ ದೊಡ್ಡ ಕಟ್ಟಡ, ದೊಡ್ಡ ನಿಧಿ, ದೊಡ್ಡ ಸಮಾರಂಭ ಬೇಕೆಂದು ಕಾಯುತ್ತ ಕುಳಿತರೆ ಕೆಲಸ ಆರಂಭವೇ ಆಗದು. ಒಂದೇ ಬೀದಿಯ ನಾಲ್ಕು ಹೋಟೆಲುಗಳ ಮಾಲಿಕರು ಸೇರಿ ಇಪ್ಪತ್ತು ಕನ್ನಡ ಪುಸ್ತಕಗಳ ಒಂದು ಪೆಟ್ಟಿಗೆಯನ್ನು ಮಾಡಲಿ. ಒಂದೊಂದು ಹೋಟೆಲಿನಲ್ಲಿ ಒಂದೊಂದು ವಾರ ಅದು ಇರಲಿ. ಮಧ್ಯಾಹ್ನದ ಬಿಡುವಿನಲ್ಲಿ, ಗುಮಾಸ್ತ ಬಂಧುವೊಬ್ಬರು ವಾರಕ್ಕೆರಡು ದಿನ ಬಂದು ಹತ್ತನೆಯ ತರಗತಿಯ ಲೆಕ್ಕವನ್ನೋ ಇಂಗ್ಲಿಷನ್ನೋ ಹೇಳಿಕೊಡಲಿ. ಮೂರು ತಿಂಗಳ ತರುವಾಯ, ಯಾವ ಪುಸ್ತಕದ ರಟ್ಟು ಸವೆದಿದೆ, ಯಾವುದು ಹೊಸದರಂತೆಯೇ ಉಳಿದಿದೆ, ಯಾವ ಹುಡುಗ ಬಂದ, ಯಾವನು ನಿದ್ದೆಹೋದ, ಅದೇಕೆ ಎಂಬುದನ್ನು ನೋಡಿ ತಿದ್ದಿಕೊಳ್ಳಲಿ. ಸರಿಹೋದರೆ ಮುಂದಿನ ಬೀದಿಗೆ ಹಬ್ಬಿಸಲಿ. ಹತ್ತು ಊರುಗಳಿಂದ ಆರಂಭಿಸಿದ ಅರಸನ ನಾಡಿನಲ್ಲಿ ಅನ್ನ ಸಂಪಾದಿಸುತ್ತಿರುವ ನಮಗೆ, ನಾಲ್ಕು ಹೋಟೆಲುಗಳಿಂದ ಆರಂಭಿಸುವುದು ಅಸಾಧ್ಯವಾಗಲಾರದು.