ಕೊಲೆಯಿಲ್ಲದ ಥ್ರಿಲ್ಲರ್ ಬರೆದ ತ್ರಿವೇಣಿ

ಚಂದ್ರಾ ಲೇಔಟಿನ ನಮ್ಮ ಪಿ.ಜಿ.ಯಲ್ಲಿ ಭಾನುವಾರ ರಾತ್ರಿ ಊಟವಾದ ಮೇಲೆ ಟೆರೇಸಿನ ಮೇಲೆ ಪುಸ್ತಕದ ಪಂಚಾಯಿತಿ ನಡೆಯುತ್ತದೆ. ಇರುವುದು ನಾಲ್ವರು. ಒಬ್ಬಳಿಗೆ ಪತ್ತೇದಾರಿಯೇ ಆಗಬೇಕು. ಕೆ.ಎನ್. ಗಣೇಶಯ್ಯನವರ ಕಾದಂಬರಿ ಕೈಗೆ ಸಿಕ್ಕಿತೋ, ಮುಗಿಯುವ ತನಕ ರೂಮಿನ ಲೈಟ್ ಆರುವುದಿಲ್ಲ. ಇನ್ನೊಬ್ಬಳು ಲವ್ ಸ್ಟೋರಿ ಬಿಟ್ಟರೆ ಬೇರೇನೂ ಮುಟ್ಟಳು. ಮೂರನೆಯವಳದು ದೆವ್ವದ ಕಥೆ. ಓದುವುದು ಅವಳು, ಮಧ್ಯರಾತ್ರಿ ಬಾತ್‌ರೂಮಿಗೆ ಜೊತೆಗೆ ಹೋಗುವುದು ನಾನು.

ಒಂದು ಭಾನುವಾರ ನನ್ನ ಸರದಿ ಬಂತು. ಊರಿನಿಂದ ತಂದಿದ್ದ, ರಟ್ಟು ಕಿತ್ತುಹೋದ ಅಮ್ಮನ ‘ಶರಪಂಜರ’ವನ್ನು ಮುಂದಿಟ್ಟೆ. ಮೂವರೂ ನಕ್ಕರು. ಅಮ್ಮಂದಿರ ಕಾಲದ ಅಳುಮುಂಜಿ ಕಥೆ ಎಂದು ಓದುವ ಮೊದಲೇ ತೀರ್ಪು ಕೊಟ್ಟರು. ಆದರೆ ಆ ಪುಸ್ತಕದಲ್ಲಿ ಪ್ರೀತಿ, ನಿಗೂಢ, ಭಯ ಮೂರೂ ಇವೆ. ಅದನ್ನು ಬರೆದವರ ಬದುಕಂತೂ ಕಾದಂಬರಿಗಿಂತ ಚಿಕ್ಕದು, ಕಾದಂಬರಿಯಷ್ಟೇ ಕಾಡುವಂಥದ್ದು.

ತ್ರಿವೇಣಿ ಹುಟ್ಟಿದ್ದು 1928ರ ಸೆಪ್ಟೆಂಬರ್ 1ರಂದು, ಮೈಸೂರಿನಲ್ಲಿ. ಶಾಲೆಯಲ್ಲಿ ಅವರ ಹೆಸರು ಅನಸೂಯ. ತಂದೆ ಬಿ.ಎಂ. ಕೃಷ್ಣಸ್ವಾಮಿ, ‘ಕನ್ನಡದ ಕಣ್ವ’ ಬಿ.ಎಂ.ಶ್ರೀಯವರ ಸಹೋದರ. ಕಾದಂಬರಿಗಾರ್ತಿ ವಾಣಿಯವರೂ ಬಂಧುವೇ. ಹೀಗೆ ಮನೆತನದಲ್ಲೇ ಸಾಹಿತ್ಯವಿತ್ತು. ಆದರೆ ತ್ರಿವೇಣಿಯವರನ್ನು ಬೇರೆಯವರಿಂದ ಬೇರೆ ಮಾಡಿದ್ದು ಮನೆತನವಲ್ಲ, ಕಾಲೇಜಿನಲ್ಲಿ ಅವರು ಓದಿದ ವಿಷಯ. ದೇಶಕ್ಕೆ ಸ್ವಾತಂತ್ರ್ಯ ಬಂದ 1947ರಲ್ಲೇ ಅವರು ಮೈಸೂರಿನ ಮಹಾರಾಜ ಕಾಲೇಜಿನಿಂದ ಮನಶ್ಶಾಸ್ತ್ರದಲ್ಲಿ ಚಿನ್ನದ ಪದಕದೊಂದಿಗೆ ಬಿ.ಎ. ಮುಗಿಸಿದರು.

ಇಲ್ಲಿ ನನ್ನದೊಂದು ಮಾತು. ನಾನೂ ಬಿ.ಎ.ಯಲ್ಲಿ ಮನಶ್ಶಾಸ್ತ್ರ ಓದಿದವಳು. ಮದುವೆ, ಗೃಹಪ್ರವೇಶ ಎಲ್ಲಿಗೇ ಹೋದರೂ ಅದನ್ನು ಓದಿ ಯಾವ ಕೆಲಸ ಸಿಗುತ್ತದೆ ಎಂಬ ಪ್ರಶ್ನೆ ತಪ್ಪಿದ್ದಲ್ಲ. ಎಪ್ಪತ್ತೈದು ವರ್ಷದ ಹಿಂದೆ ಒಬ್ಬ ಹುಡುಗಿಗೆ ಆ ಪ್ರಶ್ನೆ ಇನ್ನೆಷ್ಟು ಜೋರಾಗಿ ಬಂದಿರಬಹುದು! ಆಗ ಮನಸ್ಸು ಕೆಟ್ಟವರನ್ನು ಗಾಳಿ ಸೋಕಿದೆ ಎಂದು ಮಂತ್ರವಾದಿಯ ಬಳಿಗೆ ಕರೆದೊಯ್ಯುತ್ತಿದ್ದರು, ಇಲ್ಲವೇ ಹಿಂದಿನ ಕೋಣೆಯಲ್ಲಿ ಕೂಡಿಹಾಕುತ್ತಿದ್ದರು. ಮಾನಸಿಕ ಆರೋಗ್ಯಕ್ಕೆಂದೇ ಅಖಿಲ ಭಾರತ ಮಟ್ಟದ ಸಂಸ್ಥೆಯೊಂದು ಬೆಂಗಳೂರಿನಲ್ಲಿ ಶುರುವಾಗಿದ್ದು 1954ರಲ್ಲಿ. ಇಂದಿನ ನಿಮ್ಹಾನ್ಸ್ ಆಗಿದ್ದು 1974ರಲ್ಲಿ. ತ್ರಿವೇಣಿಯವರು ತಾವು ಓದಿದ್ದನ್ನು ಅಡುಗೆಮನೆ, ನಡುಮನೆ, ಬಾಣಂತಿ ಕೋಣೆಗಳೊಳಗೆ ತೆಗೆದುಕೊಂಡು ಹೋದರು, ಕಾದಂಬರಿಯ ಮೂಲಕ.

ಇಂಗ್ಲಿಷ್ ಅಧ್ಯಾಪಕರಾಗಿದ್ದ ಎಸ್.ಎನ್. ಶಂಕರ್ ಅವರನ್ನು ಮದುವೆಯಾಗಿ ಅನಸೂಯ ಶಂಕರ್ ಆದರು. ಬರವಣಿಗೆಗೆ ಇಟ್ಟುಕೊಂಡ ಹೆಸರು ತ್ರಿವೇಣಿ. 1953ರಿಂದ ಅವರ ಕಾದಂಬರಿಗಳು ಅಚ್ಚಾಗತೊಡಗಿದವು. ಬರೆಯಲು ಸಿಕ್ಕಿದ್ದು ಹತ್ತೇ ವರ್ಷ. ಅಷ್ಟರಲ್ಲಿ ಸುಮಾರು ಇಪ್ಪತ್ತು ಕಾದಂಬರಿ, ಮೂರು ಕಥಾಸಂಕಲನ ಬಂದವು. ‘ಅವಳ ಮನೆ’ಗೆ 1960ರಲ್ಲಿ ರಾಜ್ಯದ ಸಾಹಿತ್ಯ ಪ್ರಶಸ್ತಿ ಸಿಕ್ಕಿತು.

ಪತ್ತೇದಾರಿ ಕಾದಂಬರಿಯಲ್ಲಿ ಕೊಂದವರು ಯಾರು ಎಂಬ ಪ್ರಶ್ನೆ ಪುಟ ತಿರುವಿಸುತ್ತದೆ. ತ್ರಿವೇಣಿಯವರಲ್ಲಿ ಅದೇ ಕೆಲಸವನ್ನು ಇನ್ನೊಂದು ಪ್ರಶ್ನೆ ಮಾಡುತ್ತದೆ: ಚೆನ್ನಾಗಿಯೇ ಇದ್ದ ಈ ಜೀವ ಹೀಗೇಕಾಯಿತು? ‘ಶರಪಂಜರ’ದ ಕಾವೇರಿಗೆ ಒಳ್ಳೆಯ ಮನೆ, ಮೆಚ್ಚಿದ ಗಂಡ, ಮಕ್ಕಳು ಎಲ್ಲವೂ ಇವೆ. ಹೆರಿಗೆಯ ನಂತರ ಅವಳ ಮನಸ್ಸಿನ ಹಿಡಿತ ತಪ್ಪುತ್ತದೆ. ನಮ್ಮ ಅಜ್ಜಿಯರು ಬಾಣಂತಿ ಸನ್ನಿ ಎನ್ನುತ್ತಿದ್ದರಲ್ಲ, ಅದು. ಆಸ್ಪತ್ರೆಗೆ ಸೇರುತ್ತಾಳೆ, ಗುಣವಾಗುತ್ತಾಳೆ. ಬೇರೆ ಯಾರೇ ಆಗಿದ್ದರೂ ಕಥೆಯನ್ನು ಅಲ್ಲಿಗೆ ಮುಗಿಸುತ್ತಿದ್ದರು. ತ್ರಿವೇಣಿಯವರ ಕಥೆ ಬಿಗಿಯಾಗುವುದು ಅವಳು ಗುಣವಾಗಿ ಮನೆಗೆ ಬಂದ ಮೇಲೆ. ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ಗಂಡನಿಂದ ಹಿಡಿದು ನೆರೆಹೊರೆಯವರ ತನಕ ಎಲ್ಲರೂ ಅವಳನ್ನು ಹುಚ್ಚಿಯ ಕಣ್ಣಿನಿಂದಲೇ ನೋಡುತ್ತಾರೆ. ಕೊನೆ ಹೇಳುವುದಿಲ್ಲ. ದೆವ್ವವೊಂದೂ ಇಲ್ಲದ ಆ ಪುಟಗಳಲ್ಲಿ ನನಗಾದಷ್ಟು ಭಯ ಬೇರೆಲ್ಲೂ ಆಗಿಲ್ಲ ಎಂದಷ್ಟೇ ಹೇಳುತ್ತೇನೆ.

ಲವ್ ಸ್ಟೋರಿ ಬೇಕೆನ್ನುವವರು ‘ಬೆಳ್ಳಿಮೋಡ’ ಹಿಡಿಯಬಹುದು. ಎಸ್ಟೇಟಿನ ಒಬ್ಬಳೇ ಮಗಳು ಇಂದಿರಾ. ಅವಳನ್ನು ಮದುವೆಯಾಗಬೇಕಾದ ಮೋಹನ ಅವಳ ತಂದೆಯ ದುಡ್ಡಿನಲ್ಲೇ ವಿದೇಶಕ್ಕೆ ಓದಲು ಹೋಗುತ್ತಾನೆ. ಅವನು ಅಲ್ಲಿರುವಾಗ ಇಲ್ಲಿ ಇಂದಿರಾಳಿಗೊಬ್ಬ ತಮ್ಮ ಹುಟ್ಟುತ್ತಾನೆ, ಆಸ್ತಿಗೆ ಬೇರೆ ವಾರಸುದಾರ ಬರುತ್ತಾನೆ. ಆಮೇಲೆ ಆ ಪ್ರೀತಿ ಏನಾಯಿತು ಎಂಬುದೇ ಕಥೆ. ಇಂದಿರಾ ಕೊನೆಗೆ ತೆಗೆದುಕೊಳ್ಳುವ ತೀರ್ಮಾನಕ್ಕೆ ನಮ್ಮ ಟೆರೇಸಿನಲ್ಲಿ ಚಪ್ಪಾಳೆ ಬಿತ್ತು.

ಎಲ್ಲವೂ ಚೆನ್ನ ಎಂದರೆ ಸುಳ್ಳಾದೀತು. ಇವರ ಕಥೆಗಳು ಹೆಚ್ಚಾಗಿ ಮಧ್ಯಮ ವರ್ಗದ, ಓದು ಬಲ್ಲ ಮನೆಗಳ ಹೊಸ್ತಿಲು ದಾಟುವುದಿಲ್ಲ. ಕೆಲವೆಡೆ ಕಣ್ಣೀರು ಒಂದು ಲೋಟ ಜಾಸ್ತಿಯೇ. ಚಿಕಿತ್ಸೆಯ ವಿವರವಂತೂ ಅರವತ್ತು ವರ್ಷ ಹಳೆಯದು. ಅದನ್ನು ಇಂದಿನ ವೈದ್ಯಕೀಯ ಎಂದು ಓದಬಾರದು. ಆದರೆ ಮನೆಯವರ ಅನುಮಾನದ ನೋಟ ಹಳೆಯದಾಗಿಲ್ಲ. ಅದಕ್ಕೇ ಪುಸ್ತಕವೂ ಹಳೆಯದಾಗಿಲ್ಲ.

ಬಾಣಂತಿಯ ಸಂಕಟವನ್ನು ಅಷ್ಟು ಹತ್ತಿರದಿಂದ ಬರೆದವರನ್ನು ಬಾಣಂತಿ ಕೋಣೆಯೇ ಕರೆದುಕೊಂಡಿತು. 1963ರ ಜುಲೈನಲ್ಲಿ ತ್ರಿವೇಣಿಯವರಿಗೆ ಹೆಣ್ಣುಮಗು ಹುಟ್ಟಿತು. ಹತ್ತು ದಿನ ಕಳೆಯುವಷ್ಟರಲ್ಲಿ, ಜುಲೈ 29ರಂದು, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಸಿಕ್ಕಿಕೊಂಡು ಅವರು ತೀರಿಕೊಂಡರು. ಆಗ ಅವರಿಗೆ ಮೂವತ್ತೈದು ಕೂಡ ತುಂಬಿರಲಿಲ್ಲ. ಅರ್ಧಕ್ಕೆ ನಿಂತಿದ್ದ ‘ಅವಳ ಮಗಳು’ ಕಾದಂಬರಿಯನ್ನು ಎಂ.ಸಿ. ಪದ್ಮಾ ಪೂರ್ತಿ ಮಾಡಿದರು.

ಇಂದು ತ್ರಿವೇಣಿ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಸಿನಿಮಾ. ಆದರೆ ಅದರಲ್ಲಿ ಒಂದನ್ನೂ ಅವರು ನೋಡಲಿಲ್ಲ. ‘ಬೆಕ್ಕಿನ ಕಣ್ಣು’ 1966ರಲ್ಲಿ ಮಲಯಾಳಂ ಚಿತ್ರವಾಯಿತು. 1967ರಲ್ಲಿ ಪುಟ್ಟಣ್ಣ ಕಣಗಾಲ್ ‘ಬೆಳ್ಳಿಮೋಡ’ ಮಾಡಿದರು, ಕಲ್ಪನಾ ಮನೆಮಾತಾದರು. 1968ರಲ್ಲಿ ‘ಹಣ್ಣೆಲೆ ಚಿಗುರಿದಾಗ’, 1971ರಲ್ಲಿ ‘ಶರಪಂಜರ’. ಹೆಸರು ಊರೂರಿಗೆ ಹರಡುವ ಹೊತ್ತಿಗೆ ಹೆಸರಿನವರೇ ಇರಲಿಲ್ಲ.

ಹೊಸದಾಗಿ ಓದುವವರಿಗೆ ನನ್ನ ಸಲಹೆ: ಮೊದಲು ‘ಬೆಳ್ಳಿಮೋಡ’, ಆಮೇಲೆ ‘ಹಣ್ಣೆಲೆ ಚಿಗುರಿದಾಗ’, ಮನಸ್ಸು ಗಟ್ಟಿ ಮಾಡಿಕೊಂಡು ‘ಶರಪಂಜರ’. ಸಿನಿಮಾ ನೋಡಿದ್ದರೂ ಓದಿ. ಕಾವೇರಿಯ ತಲೆಯೊಳಗೆ ನಡೆಯುವುದನ್ನು ಪುಸ್ತಕ ಹೇಳಿದಷ್ಟು ನಿಧಾನವಾಗಿ ಪರದೆ ಹೇಳಲಾರದು. ಬಸ್ಸಿನಲ್ಲಿ, ಮೆಟ್ರೋದಲ್ಲಿ ಓದಿ ಮುಗಿಸುವಷ್ಟು ಸರಳ ಕನ್ನಡ.

ನಮ್ಮ ಪಿ.ಜಿ.ಯಲ್ಲಿ ಆ ರಟ್ಟಿಲ್ಲದ ಪುಸ್ತಕ ಎರಡು ವಾರದಲ್ಲಿ ಮೂವರ ಕೈ ದಾಟಿತು. ಕೊನೆಗೆ ಓದಿದ್ದು ದೆವ್ವದ ಕಥೆಯವಳು. ಮುಗಿಸಿದ ರಾತ್ರಿ ಅವಳು ನನ್ನನ್ನು ಬಾತ್‌ರೂಮಿಗೆ ಎಬ್ಬಿಸಲಿಲ್ಲ. ಬೆಳಿಗ್ಗೆ ಎದ್ದವಳೇ ಊರಿಗೆ ಫೋನ್ ಮಾಡಿದಳು. ಅವಳ ಅಕ್ಕನಿಗೆ ಹೆರಿಗೆಯಾಗಿ ಮೂರು ತಿಂಗಳು. ಅಕ್ಕ ಯಾಕೋ ಮಾತೇ ಕಡಿಮೆ ಮಾಡಿದ್ದಾಳೆ, ರಾತ್ರಿ ನಿದ್ದೆ ಮಾಡುವುದಿಲ್ಲ ಎಂದು ಹಿಂದೊಮ್ಮೆ ಹೇಳಿದ್ದಳು. ಅಲ್ಲಿಯವರೆಗೆ ಫೋನಿನಲ್ಲಿ ಬರೀ ಪಾಪುವಿನ ಸಮಾಚಾರ ಕೇಳುತ್ತಿದ್ದವಳು ಆ ದಿನ ಮೊದಲ ಸಲ ಅಕ್ಕನ ಸಮಾಚಾರ ಕೇಳಿದಳು. ಮುಂದಿನ ಶನಿವಾರ ರಜೆ ಹಾಕಿ ಊರಿಗೆ ಹೋಗಿ, ತಾನೇ ಜೊತೆಗಿದ್ದು ಅಕ್ಕನನ್ನು ಡಾಕ್ಟರಿಗೆ ತೋರಿಸಿ ಬಂದಳು.

ಮನಶ್ಶಾಸ್ತ್ರ ಓದಿ ಏನು ಮಾಡುತ್ತೀಯ ಎಂದು ಯಾರಾದರೂ ಕೇಳಿದರೆ ಈಗ ನನಗೆ ಈ ಅಕ್ಕ ನೆನಪಾಗುತ್ತಾಳೆ.