ಫ್ರೆಡ್ರಿಕ್ ಮೀಷರ್: ಮೀನಿನ ವೀರ್ಯದಲ್ಲಿ ಔಷಧ ಕಂಡ ವೈದ್ಯ

ಮಧುಮೇಹ ಇರುವ ಅನೇಕರ ಮನೆಯ ಫ್ರಿಜ್‌ನಲ್ಲಿ ಹಾಲಿನಂತೆ ಬೆಳ್ಳಗಿರುವ 30/70 ಇನ್ಸುಲಿನ್ ಬಾಟಲಿ ಇರುತ್ತದೆ. ಆ ಬಿಳುಪಿನ ಹಿಂದೆ ಪ್ರೋಟಮಿನ್ ಎಂಬ ಪ್ರೋಟೀನ್ ಇದೆ. ಅದನ್ನು ಮೊದಲು ಬೇರ್ಪಡಿಸಿದವರು ಸ್ವಿಟ್ಜರ್ಲೆಂಡಿನ ಫ್ರೆಡ್ರಿಕ್ ಮೀಷರ್.

ಮೀಷರ್ ಹುಟ್ಟಿದ್ದು 1844ರಲ್ಲಿ, ಬಾಸೆಲ್ ನಗರದಲ್ಲಿ. ವೈದ್ಯಕೀಯ ಓದಿದರೂ ಕಿವಿ ಮಂದವಾಗಿದ್ದರಿಂದ ರೋಗಿಗಳನ್ನು ನೋಡುವ ಕೆಲಸ ಬಿಟ್ಟು ಪ್ರಯೋಗಾಲಯ ಸೇರಿದರು. ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಆ ಪ್ರಯೋಗಾಲಯ ಇದ್ದದ್ದು ಹಳೆಯ ಕೋಟೆಯೊಂದರ ಒಳಗೆ. ಹತ್ತಿರದ ಆಸ್ಪತ್ರೆಯವರು ಬಿಸಾಡುತ್ತಿದ್ದ ಕೀವಿನ ಬ್ಯಾಂಡೇಜುಗಳನ್ನು ತರಿಸಿ ತೊಳೆದು, 1869ರಲ್ಲಿ ಜೀವಕೋಶಗಳ ನ್ಯೂಕ್ಲಿಯಸ್‌ನಿಂದ ರಂಜಕ ತುಂಬಿದ ಹೊಸ ವಸ್ತುವೊಂದನ್ನು ಹೊರತೆಗೆದರು. ಇಂದು ನಾವು ಡಿಎನ್‌ಎ ಎನ್ನುವುದು ಅದನ್ನೇ. ಗುರು ಹೋಪ್ಪೆ-ಸೈಲರ್ ಪ್ರಯೋಗವನ್ನೆಲ್ಲ ತಾವೇ ಮತ್ತೆ ಮಾಡಿ ನೋಡಿದ ಮೇಲಷ್ಟೇ, 1871ರಲ್ಲಿ, ಅದು ಅಚ್ಚಾಯಿತು.

ಬಾಸೆಲ್‌ಗೆ ಮರಳಿದಾಗ ಕೀವಿಗಿಂತ ಒಳ್ಳೆಯ ಸಾಮಗ್ರಿ ಊರಲ್ಲೇ ಸಿಕ್ಕಿತು. ಆಗ ರೈನ್ ನದಿಯಲ್ಲಿ ಸಾಲ್ಮನ್ ಮೀನು ಹಿಡಿಯುವುದು ದೊಡ್ಡ ಕಸುಬು. ತಿನ್ನುವವರಿಗೆ ಬೇಕಿದ್ದುದು ಮಾಂಸ. ಮೀಷರ್‌ಗೆ ಬೇಕಿದ್ದುದು ಗಂಡು ಮೀನಿನ ವೀರ್ಯ. ವೀರ್ಯಾಣುವಿನ ತಲೆಯೆಂದರೆ ಹೆಚ್ಚುಕಡಿಮೆ ನ್ಯೂಕ್ಲಿಯಸ್ಸೇ. ಬೆಚ್ಚಗಾದರೆ ಅದು ಕೆಡುತ್ತಿತ್ತು. ಹಾಗಾಗಿ ಚಳಿಗಾಲದಲ್ಲೂ ಕೋಣೆಗೆ ಬೆಂಕಿ ಹಾಕದೆ ಗಂಟೆಗಟ್ಟಲೆ ದುಡಿಯುತ್ತಿದ್ದರು. 1874ರಲ್ಲಿ ಡಿಎನ್‌ಎಗೆ ಅಂಟಿಕೊಂಡಿದ್ದ ಕ್ಷಾರಗುಣದ ಪದಾರ್ಥವನ್ನು ವಿವರಿಸಿ ಪ್ರೋಟಮಿನ್ ಎಂದು ಹೆಸರಿಟ್ಟರು. ಅದರಿಂದ ಏನು ಉಪಯೋಗ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. 1895ರಲ್ಲಿ, 51ನೇ ವಯಸ್ಸಿನಲ್ಲಿ, ದಾವೋಸ್‌ನಲ್ಲಿ ಕ್ಷಯ ಅವರನ್ನು ಬಲಿ ತೆಗೆದುಕೊಂಡಿತು.

ಉಪಯೋಗ ತಿಳಿದದ್ದು ಸುಮಾರು 40 ವರ್ಷಗಳ ನಂತರ. 1936ರಲ್ಲಿ ಡೆನ್ಮಾರ್ಕಿನ ಹಾಗೆಡಾರ್ನ್ ಮೀನಿನ ಪ್ರೋಟಮಿನ್ ಬೆರೆಸಿ ಇನ್ಸುಲಿನ್ ಚರ್ಮದಡಿ ನಿಧಾನವಾಗಿ ಕರಗುವಂತೆ ಮಾಡಿದರು. ಚುಚ್ಚಿಸಿಕೊಳ್ಳುವ ಸಲ ಕಡಿಮೆಯಾಯಿತು. ಈಗಲೂ ಈ ಬಗೆಯ ಬಾಟಲಿಯನ್ನು ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿದ ಮೇಲೆಯೇ ಔಷಧ ಎಳೆದುಕೊಳ್ಳಬೇಕು. ತಳದಲ್ಲಿ ಕೂತ ಬಿಳಿ ಭಾಗ ಸಮನಾಗಿ ಬೆರೆಯದಿದ್ದರೆ ಪ್ರಮಾಣ ತಪ್ಪುತ್ತದೆ.

ಇನ್ನೊಂದು ಉಪಯೋಗ ಹೃದಯದ ಶಸ್ತ್ರಚಿಕಿತ್ಸೆಯಲ್ಲಿ. ರಕ್ತ ಹೆಪ್ಪುಗಟ್ಟದಿರಲು ಕೊಟ್ಟ ಹೆಪಾರಿನ್‌ನ ಪರಿಣಾಮವನ್ನು ಕೊನೆಯಲ್ಲಿ ಪ್ರೋಟಮಿನ್ ಕೊಟ್ಟು ತಗ್ಗಿಸುತ್ತಾರೆ. ಅಪರೂಪಕ್ಕೆ ಇದು ತೀವ್ರ ಅಲರ್ಜಿ ತರಬಹುದು. ನಿಮಗೆ ಮೀನಿನ ಅಲರ್ಜಿ ಇದ್ದರೆ, ಅಥವಾ ಪ್ರೋಟಮಿನ್ ಇರುವ ಇನ್ಸುಲಿನ್ ತೆಗೆದುಕೊಂಡಿದ್ದರೆ, ಆಪರೇಷನ್‌ಗೆ ಮುಂಚೆ ಅರಿವಳಿಕೆ ವೈದ್ಯರಿಗೆ ತಪ್ಪದೆ ತಿಳಿಸಿ.